ಅಂಗೈಯ ಲಿಂಗ

ಶಹಾಪುರದ ಹತ್ತಿ ವ್ಯಾಪಾರಿಗಳ ಮನೆಯ ಮಲ್ಲೇಶ್ವರಿ ಭೌತವಿಜ್ಞಾನ ಓದಿ ಯಾದಗಿರಿಯ ಕ್ಯಾನ್ಸರ್ ಆಸ್ಪತ್ರೆ ಸೇರಿದಾಗ ನೆಂಟರಿಗೆಲ್ಲ ಒಂದೇ ಅನುಮಾನ: ಔಷಧ ಬರೆಯುವುದಿಲ್ಲ, ಸೂಜಿ ಚುಚ್ಚುವುದಿಲ್ಲ, ಮತ್ತೆ ಇವಳು ಅಲ್ಲಿ ಮಾಡುವುದಾದರೂ ಏನು? ಗಂಟಿಗೆ ಕಿರಣ ಎಷ್ಟು ತಾಗಬೇಕು, ಪಕ್ಕದ ಹೃದಯವನ್ನು ಹೇಗೆ ಕಾಯಬೇಕು ಎಂದು ಲೆಕ್ಕ ಹಾಕುವವಳು ತಾನು ಎಂದು ಹೇಳಿ ಹೇಳಿ ಸಾಕಾಗಿ, ಕಡೆಗೆ ‘ಕಂಪ್ಯೂಟರ್ ಕೆಲಸ’ ಎಂದು ಅವರ ಬಾಯಿ ಮುಚ್ಚಿಸಿದ್ದಳು.

ಆ ಬುಧವಾರ ಸ್ಕ್ಯಾನ್ ಕೋಣೆಯಿಂದ ಕರೆ ಬಂತು. ವನದುರ್ಗದ ಭೀಮಾಬಾಯಿಗೆ ಅನ್ನನಾಳದ ಕ್ಯಾನ್ಸರ್. ಅಳತೆಗೆಂದು ಮಲಗಿಸಿದರೆ ಎದೆಯ ಮೇಲೆ ಬೆಳ್ಳಿ ಕರಡಿಗೆ, ಅದರೊಳಗೆ ಇಷ್ಟಲಿಂಗ. ಕಿರಣ ಹಾಯಬೇಕಾದ ದಾರಿಯಲ್ಲೇ. ತೆಗೆಯಿರಿ ಎಂದದ್ದೇ ತಡ, ಮುದುಕಿ ಎದ್ದು ಸೆರಗು ಹೊದ್ದು ಚಪ್ಪಲಿ ಹುಡುಕತೊಡಗಿದಳು. ಡಾಕ್ಟರು ಗದರಿದರು. ಸುರಪುರದಲ್ಲಿ ಕಿರಾಣಿ ಅಂಗಡಿ ಇಟ್ಟಿದ್ದ ಮಗ ಲಿಂಗಣ್ಣ ಕೈಮುಗಿದು ಬೇಡಿಕೊಂಡ. ಎಲ್ಲ ಗೋರ್ಕಲ್ಲ ಮೇಲೆ ಮಳೆಗರೆದಂತಾಯಿತು.

“ಹುಟ್ಟಿದಾಗ ಕಟ್ಟ್ಯಾರ, ಕುಣ್ಯಾಗೂ ಸಂಗಾಟ ಬರ್ತದ. ನಡಬರಕ ಬಿಚ್ಚು ಅಂದ್ರ ಹ್ಯಾಂಗ್ರಿ?”

ಮಲ್ಲೇಶ್ವರಿ ಬಾಗಿಲಲ್ಲೇ ನಿಂತುಬಿಟ್ಟಳು. ಈ ಮಾತನ್ನು ಅವಳು ಚಿಕ್ಕಂದಿನಲ್ಲೇ ಕೇಳಿದ್ದಳು. ಅವಳ ಆಯಿ, ಅಪ್ಪನನ್ನು ಹೆತ್ತ ಪಾರ್ವತಿಬಾಯಿ, ಇದೇ ರೋಗಕ್ಕೆ ಹೈದರಾಬಾದಿಗೆ ಹೋಗಿ, ಲಿಂಗ ಬಿಚ್ಚಲೊಲ್ಲದೆ ಸಂಜೆಯ ರೈಲಿಗೆ ವಾಪಸು ಬಂದಿದ್ದಳು. ಎಂಥಾ ಶರಣೆ ಎಂದು ಓಣಿಯೆಲ್ಲ ಹೊಗಳಿತು. ಹೊಗಳಿಕೆಗೇನು, ಬಿಟ್ಟಿ ಸಿಗುತ್ತದೆ. ದೀಪಾವಳಿಯ ಹೊತ್ತಿಗೆ ಆಯಿ ಇರಲಿಲ್ಲ.

ಆಯಿಯ ಮುಂಜಾನೆಗಳು ಎಷ್ಟು ಚೆನ್ನಾಗಿದ್ದವು! ಮಿಂದು, ವಿಭೂತಿ ಹಚ್ಚಿ, ಪಡಸಾಲೆಯ ಎಳೆಬಿಸಿಲಲ್ಲಿ ಎಡ ಅಂಗೈಯ ಮೇಲೆ ಲಿಂಗವಿಟ್ಟು ಕೂತಳೆಂದರೆ ಕಲ್ಲಿನ ಗೊಂಬೆ. ಮಲ್ಲೇಶ್ವರಿ ಎದುರಿಗೆ ಕೂತು ಕಣ್ಣಿಗೆ ಉಫ್ ಎಂದು ಊದುವಳು, ಸೆರಗು ಜಗ್ಗುವಳು. ಆಯಿ ಮಿಸುಕಾಡಿದರೆ ಕೇಳಿ. ಪೂಜೆ ಮುಗಿದ ಮೇಲೆ ಕಿವಿ ಹಿಂಡಿ, ಅದೇ ಕೈಯಿಂದ ಬಾಯಿಗೆ ಸಕ್ಕರೆ ಹಾಕುವಳು. ಅಂಥ ಸಕ್ಕರೆ ಮಲ್ಲೇಶ್ವರಿಗೆ ಮತ್ತೆ ಸಿಗಲಿಲ್ಲ.

ಬಾಗಿಲಲ್ಲಿ ನಿಂತವಳಿಗೆ ಥಟ್ಟನೆ ಹೊಳೆಯಿತು: ಪೂಜೆಯ ಹೊತ್ತಿಗೆ ಲಿಂಗ ಇರುವುದು ಅಂಗೈಯಲ್ಲಿ, ಕೊರಳಲ್ಲಲ್ಲ! ಈ ಚಿಕಿತ್ಸೆಗೆ ಕೈಗಳನ್ನು ಹೇಗೂ ತಲೆಯ ಮೇಲಕ್ಕೆ ಚಾಚಿ ಮಲಗಬೇಕು. ಕಿರಣ ಅತ್ತ ಹಾಯುವುದಿಲ್ಲ. ಕೈ ಅಲುಗಿದರೆ ಎದೆಯೂ ಅಲುಗೀತು ಎಂದು ಡಾಕ್ಟರು ಅನುಮಾನಪಟ್ಟರು. ಪೂಜೆಗೆ ಕೂತ ಕೈ ಅಲುಗುವುದಿಲ್ಲ, ಅದರ ಹೊಣೆ ನನ್ನದು ಎಂದು ಮಲ್ಲೇಶ್ವರಿ ಗಟ್ಟಿಯಾಗಿ ಹೇಳಿದಳು. ಆಮೇಲೆ ಮುದುಕಿಯ ಎದುರು ಕುಕ್ಕರಗಾಲಲ್ಲಿ ಕೂತಳು.

“ಪೂಜಿಗಿ ಹಿಡದಂಗ ಅಂಗೈಯಾಗ ಹಿಡ್ಕೋರಿ. ಲಿಂಗ ಮೈ ಬಿಟ್ಟು ಹೋಗಂಗಿಲ್ಲ.”

 ಭೀಮಾಬಾಯಿ ಮೆಟ್ಟಿದ ಚಪ್ಪಲಿ ಬಿಟ್ಟಳು.

ಲೆಕ್ಕವೆಲ್ಲ ಮುಗಿದು ಮುಂದಿನ ವಾರ ಚಿಕಿತ್ಸೆ ಶುರುವಾಯಿತು. ಯಂತ್ರ ಭೀಮಾಬಾಯಿಯ ಸುತ್ತ ತಿರುಗುವಾಗ ಹೊರಗಿನ ಪರದೆಯ ಮುಂದೆ ಮಲ್ಲೇಶ್ವರಿ ಕಣ್ಣು ಕೀಲಿಸಿ ಕೂತಿದ್ದಳು. ತಲೆಯಾಚೆ ಚಾಚಿದ ಆ ಕೈ ಕೂದಲೆಳೆಯಷ್ಟೂ ಅಲುಗಲಿಲ್ಲ. ವಯಸ್ಸಿನ ಹುಡುಗರೂ ಹೀಗೆ ಮಲಗುವುದಿಲ್ಲ ಎಂದು ಡಾಕ್ಟರು ತಲೆದೂಗಿದರು.

ಮುದುಕಿ ಹೊರಬಂದು, ಲಿಂಗವನ್ನು ಕಣ್ಣಿಗೊತ್ತಿಕೊಂಡು ಕರಡಿಗೆಗೆ ಸೇರಿಸಿ, ಕೊರಳಿಗೆ ಹಾಕಿಕೊಂಡಳು.

“ನಾಳಿ ಎಷ್ಟೊತ್ತಿಗಿ ಬರ್ಲಿ ಯವ್ವಾ?”

ಹೈದರಾಬಾದಿನಲ್ಲಿ ಪಾರ್ವತಿಬಾಯಿ ಯಾರನ್ನೂ ಕೇಳದೆಯೇ ವಾಪಸು ಬಂದ ಪ್ರಶ್ನೆ ಅದು. ಮಲ್ಲೇಶ್ವರಿಯ ಕಣ್ಣು ತುಂಬಿ ಬಂತು. ಅಷ್ಟು ದಿನ ‘ರೀ’ ಹಚ್ಚಿ ಮಾತಾಡಿದವಳು ಅದನ್ನೂ ಮರೆತಳು.

“ಇದೇ ಹೊತ್ತಿಗಿ ಬಾ, ಆಯಿ.”