ಎಡಗಡೆಯ ಆರು ಉದಾಹರಣೆಗಳು

ಅಭ್ಯಾಸ ಪುಸ್ತಕದ ಕೊನೆಯಲ್ಲಿ ಉಪನ್ಯಾಸಕಿಯ ಕೆಂಪು ಶಾಯಿಯಲ್ಲಿ ಇದ್ದದ್ದು ಎರಡೇ ಸಾಲು. ‘ಈ ಆರೂ ಸಂಗತಿಗಳು ಎಡಗಡೆಯೇ ನಡೆದಿವೆ. ನಿಮ್ಮ ಅಣ್ಣ ಏನು ಕೆಲಸ ಮಾಡುತ್ತಾರೆ?’

ಅವಳು ಅದನ್ನು ಓದಿದಾಗ ತರಗತಿಯ ಗಡಿಯಾರದಲ್ಲಿ ಮೂರು ಗಂಟೆಗೆ ಇನ್ನು ಹತ್ತು ನಿಮಿಷವಿತ್ತು. ಅಣ್ಣ ಬಸ್ ಚಾಲಕ. ಮೂರಕ್ಕೆ ಸರಿಯಾಗಿ ಅವನ ಪಾಳಿ ಆರಂಭವಾಗುತ್ತಿತ್ತು.

ಮನಃಶಾಸ್ತ್ರದ ಮೊದಲ ವರ್ಷದವರಿಗೆಲ್ಲ ಉಪನ್ಯಾಸಕಿ ಕೊಟ್ಟಿದ್ದ ಅಭ್ಯಾಸ ಅದು: ನಲವತ್ತು ಮೂಲ ಪದಗಳು, ಪ್ರತಿ ಪದಕ್ಕೂ ಮನೆಯಲ್ಲೇ ಕಂಡ ಒಂದು ಉದಾಹರಣೆ. ಬೆಳಗಿನ ಹೊತ್ತು ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸಿ, ಮಧ್ಯಾಹ್ನ ಕಾಲೇಜಿಗೆ ಬರುವ ಮೂವತ್ತೆರಡು ವರ್ಷದ ಅವಳಿಗೆ ಇದು ನೀರು ಕುಡಿದಷ್ಟು ಸಲೀಸು. ಕೈಗೆ ಬಂದ ಕಾಗದವನ್ನು ಯಾವುದಾದರೊಂದು ಗೂಡಿಗೆ ಸೇರಿಸಲೇಬೇಕು ಎನ್ನುವುದು ಹತ್ತು ವರ್ಷದ ರೂಢಿ. ಮನೆಯಲ್ಲಿ ಯಾರು ಸೀನಿದರೂ ಅದಕ್ಕೊಂದು ಗೂಡು ಹುಡುಕತೊಡಗಿದಳು. ಇವಳು ನಮ್ಮನ್ನೆಲ್ಲ ಉಪ್ಪಿನಕಾಯಿಯ ಹಾಗೆ ಭರಣಿಗೆ ತುಂಬಿ ಚೀಟಿ ಅಂಟಿಸುತ್ತಿದ್ದಾಳೆ ಎಂದು ಅತ್ತಿಗೆ ನೆರೆಯವರ ಮುಂದೆ ಹೇಳಿಕೊಂಡು ನಕ್ಕಿದ್ದಳು.

ಅಣ್ಣನ ಎಡ ಮೊಣಕೈ ತಾಗಿ ನೀರಿನ ಲೋಟ ಉರುಳಿದ್ದು ‘ಅನ್ಯಮನಸ್ಕತೆ’ಯ ಪುಟ ಸೇರಿತ್ತು. ಎಡಪಕ್ಕದಲ್ಲೇ ತಟ್ಟೆ ಹಿಡಿದು ನಿಂತಿದ್ದ ಅತ್ತಿಗೆಯನ್ನು ಅವನು ಮನೆಯೆಲ್ಲ ಕೂಗಿ ಕರೆದದ್ದು ‘ಆಯ್ದ ಗಮನ’. ಹೆಂಡತಿಯ ವಿಷಯದಲ್ಲಿ ಗಂಡಸರಿಗೆ ಇದು ಹೆಚ್ಚು ಎಂದು ತನ್ನದೊಂದು ಷರಾ ಬೇರೆ. ಎಡಭುಜ ಮುಟ್ಟಿದರೆ ಬೆಚ್ಚಿಬೀಳುವುದು ‘ಆತಂಕ’. ಬಾಗಿಲ ಎಡ ಚೌಕಟ್ಟಿಗೆ ಡಿಕ್ಕಿ ಹೊಡೆಯುವುದು ‘ಒತ್ತಡ’. ಸಾಲಿನ ಆರಂಭ ಸಿಗದೆ ಪತ್ರಿಕೆಯನ್ನು ಬಿಸಾಡಿದ್ದು ‘ಹತಾಶೆ’. ದಾರಿಯಲ್ಲಿ ಜೊತೆಗೆ ನಡೆಯುವವರನ್ನು ಸದಾ ತನ್ನ ಬಲಕ್ಕೆ ಎಳೆದುಕೊಳ್ಳುವುದು ‘ಅಭ್ಯಾಸ’. ಒಂದೊಂದೂ ತನ್ನ ಪುಟದಲ್ಲಿ ಅಚ್ಚುಕಟ್ಟಾಗಿ ಕುಳಿತಿತ್ತು. ಆರನ್ನೂ ಒಟ್ಟಿಗೆ ಇಟ್ಟು ನೋಡಿದವರು ಉಪನ್ಯಾಸಕಿ ಮಾತ್ರ.

ಪಟ್ಟಿಯ ಮೊದಲ ಪದ ‘ಸಂವೇದನೆ’. ಕಣ್ಣು, ಕಿವಿ, ಮೂಗು. ಇದರಲ್ಲಿ ಕಲಿಯುವುದೇನಿದೆ ಎಂದು ಆ ಪುಟವನ್ನು ಅವಳು ಖಾಲಿ ಬಿಟ್ಟಿದ್ದಳು.

ಈಗ ಅವಳಿಗೆ ಬೇರೊಂದು ಮಾತು ನೆನಪಾಯಿತು. ತಿಂಗಳ ಹಿಂದೆ ಅಣ್ಣ ಅಡುಗೆಮನೆಯ ಬಾಗಿಲಲ್ಲಿ ನಿಂತು ತಾನಾಗಿಯೇ ಕೇಳಿದ್ದ.

“ಡಾಕ್ಟ್ರಮ್ಮ, ಇತ್ತೀಚೆಗೆ ಗಾಡಿಗಳು ಎಲ್ಲಿಂದಲೋ ದಿಢೀರಂತ ಎದುರಿಗೆ ಬಂದುಬಿಡುತ್ತೆ. ಕಣ್ಣಿನ ಡಾಕ್ಟರಿಗೆ ತೋರಿಸ್ಲಾ?”

“ಅದು ಕಣ್ಣಲ್ಲಣ್ಣ, ಗಮನ. ತಲೇಲಿ ಯೋಚನೆ ಜಾಸ್ತಿಯಾದ್ರೆ ಹಂಗೇ. ಚೆನ್ನಾಗಿ ನಿದ್ದೆ ಮಾಡು.”

ಅವನ ಮುಖ ಅರಳಿತ್ತು. ತಂಗಿ ಓದಿದ್ದು ಸಾರ್ಥಕವಾಯಿತೆಂದು ಅತ್ತಿಗೆಗೆ ಹೇಳಿ, ಕಣ್ಣಾಸ್ಪತ್ರೆಗೆ ಹೋಗುವ ಯೋಚನೆಯನ್ನೇ ಕೈಬಿಟ್ಟಿದ್ದ.

ಅಣ್ಣ ಬಸ್ ಓಡಿಸುತ್ತಾನೆ ಎಂದು ಅವಳು ಹೇಳಿದಾಗ ಉಪನ್ಯಾಸಕಿ ಸೀಮೆಸುಣ್ಣವನ್ನು ಮೇಜಿನ ಮೇಲಿಟ್ಟರು.

“ಮೊದಲು ಹೋಗಿ. ಪಾಠ ಆಮೇಲೆ.”

ಮೆಟ್ಟಿಲಿಳಿಯುತ್ತಲೇ ಫೋನ್ ಮಾಡಿದಳು. ಅತ್ತ ರಿಂಗಾಗುತ್ತಲೇ ಇತ್ತು, ಯಾರೂ ಎತ್ತಲಿಲ್ಲ. ಬಸ್ ಹತ್ತುವ ಮುನ್ನ ಚಾಲಕರು ಫೋನನ್ನು ಡಿಪೋದ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಬೇಕು. ಡಿಪೋದ ಸಂಖ್ಯೆ ಅವಳ ಬಳಿ ಇರಲಿಲ್ಲ. ಅವನ ಬಸ್ಸು ಕಾಲೇಜಿನ ಮುಂದೆಯೇ ಹಾದುಹೋಗುವುದಷ್ಟೇ ಉಳಿದಿದ್ದ ದಾರಿ.

ಮೂರು ಗಂಟೆ ಹನ್ನೆರಡು ನಿಮಿಷಕ್ಕೆ ಬಸ್ಸು ತಿರುವಿನಲ್ಲಿ ಕಾಣಿಸಿತು. ಅವಳು ನಿಲ್ದಾಣದ ಅಂಚಿಗೆ ಬಂದು ಕೈಯೆತ್ತಿದಳು. ಯಾವ ಜನಜಂಗುಳಿಯಲ್ಲೂ ತಂಗಿಯನ್ನು ಗುರುತಿಸಿ ಹಾರ್ನ್ ಬಾರಿಸುತ್ತಿದ್ದ ಅಣ್ಣ ಬಸ್ ನಿಲ್ಲಿಸಿದ, ನೇರ ನೋಡುತ್ತಲೇ ಕುಳಿತ. ಅವಳು ಮುಂಬಾಗಿಲಿಂದ ಒಳಗೆ ಕಾಲಿಟ್ಟಳು. ಹಿಂದೆ ಒಬ್ಬ ಮುದುಕಿ ಇನ್ನೂ ಕಂಬಿ ಹಿಡಿದಿದ್ದಂತೆಯೇ ಬಾಗಿಲು ಮುಚ್ಚಿತು. ಚೀಲ ಸಿಕ್ಕಿಕೊಂಡಿತು. ಜನ ಕೂಗಿದ ಮೇಲೆ ಬಾಗಿಲು ತೆರೆಯಿತು. ಕಣ್ಣು ಮನೆಯಲ್ಲಿ ಬಿಟ್ಟು ಬಂದಿದ್ದಾನೆ ಎಂದು ಮುದುಕಿ ಬೈಯುತ್ತಾ ಹತ್ತಿದಳು.

ಬಸ್ಸು ಹೊರಟಿತು. ಅವಳು ಚಾಲಕನ ಬೆನ್ನ ಹಿಂದೆ ಬಂದು ಬಾಗಿದಳು.

“ಅಣ್ಣ, ಪಕ್ಕಕ್ಕೆ ಹಾಕಿ ನಿಲ್ಸು.”

ಅವನು ದನಿಯಿಂದಲೇ ಗುರುತಿಸಿದ. ಚಾಲಕನೊಂದಿಗೆ ಮಾತನಾಡಬಾರದೆಂಬ ಫಲಕವನ್ನು ಓದಲು ಬರುವುದಿಲ್ಲವೇ ಎಂದು ಛೇಡಿಸಿದ. ಕೊನೆಯ ನಿಲ್ದಾಣ ಮೂರನೆಯದು, ಅಲ್ಲಿ ಎಷ್ಟು ಬೇಕಾದರೂ ಮಾತಾಡು ಎಂದ. ನಲವತ್ತು ಜನರ ಮುಂದೆ ಕಾರಣ ಕೂಗಿ ಹೇಳಿದರೆ ಅವನು ತಬ್ಬಿಬ್ಬಾಗಿ ಏನು ಮಾಡಿಯಾನೋ ಎಂದು ಅವಳಿಗೆ ಭಯವಾಯಿತು. ಮುಂಬಾಗಿಲ ಪಕ್ಕ ಸರಿದು, ಗಾಜಿಗೆ ಹಣೆ ತಾಗುವಂತೆ ನಿಂತಳು.

ನಿಂತ ಮೇಲೆ ಎಲ್ಲವೂ ಕಂಡಿತು. ಎಡಗನ್ನಡಿ ನೋಡಬೇಕಾದಾಗ ಅವನು ಕಣ್ಣು ಹೊರಳಿಸುತ್ತಿರಲಿಲ್ಲ, ಇಡೀ ಕತ್ತನ್ನೇ ತಿರುಗಿಸುತ್ತಿದ್ದ. ತಿರುಗಿಸಲು ಮರೆತರೆ ಆ ಕಡೆಯ ಲೋಕವೇ ಅವನಿಗೆ ಇರಲಿಲ್ಲ. ಒಂದು ನಿಲ್ದಾಣ ಕಳೆಯಿತು. ಎರಡನೆಯದೂ ಕಳೆಯಿತು. ಪೆಟ್ರೋಲ್ ಬಂಕಿನಿಂದ ಸೈಕಲ್ಲೊಂದು ರಸ್ತೆಗಿಳಿದು ಬಸ್ಸಿನ ಎಡ ಮಗ್ಗುಲಿಗೆ ಅಂಟಿಕೊಂಡಂತೆ ಸಾಗಿತು. ಸೈಕಲ್ಲಿನ ಹೆಂಗಸಿನ ಬೆನ್ನಿಗೆ ಹಳದಿ ಚೀಲ. ಮುಂದೆ ಎಡ ತಿರುವು. ಈಗ ನೋಡುತ್ತಾನೆ, ಈಗ ಕತ್ತು ತಿರುಗಿಸುತ್ತಾನೆ ಎಂದು ಅವಳು ಕಾದಳು. ಅವನ ಕೈಗಳು ಸ್ಟೀರಿಂಗನ್ನು ಎಡಕ್ಕೆ ಎಳೆಯತೊಡಗಿದವು.

“ಎಡಗಡೆ ಸೈಕಲ್. ನಿಲ್ಸು.”

ನಿಂತವರೆಲ್ಲ ಮುಂದಕ್ಕೆ ಮುಗ್ಗರಿಸಿದರು. ಹಳದಿ ಚೀಲ ಬಸ್ಸಿನ ಮೂತಿಯನ್ನು ಸವರಿ ದಾಟಿಹೋಯಿತು.

“ಎಲ್ಲಿಂದ ಬಂದ್ಲು ಅವಳು?”

“ಬಂಕಿಂದ ಇಲ್ಲೀತನಕ ನಿನ್ನ ಪಕ್ಕದಲ್ಲೇ ಇದ್ದಳಣ್ಣ.”

ತಿರುವು ದಾಟಿದರೆ ಕೊನೆಯ ನಿಲ್ದಾಣ. ಅವನು ಬಸ್ಸನ್ನು ಹೆಜ್ಜೆ ಹಾಕುವ ವೇಗಕ್ಕಿಳಿಸಿದ. ಎಡಗಡೆ ಖಾಲಿ, ಎಡಗಡೆ ಖಾಲಿ ಎಂದು ಅವಳು ಹೇಳುತ್ತ ಬಂದಳು.

ಜನ ಇಳಿದ ಮೇಲೆ ಅವಳು ಅವನೆದುರು ನಿಂತು, ತನ್ನ ಮೂಗನ್ನೇ ನೋಡುವಂತೆ ಹೇಳಿದಳು. ಅದೇನು ನೋಡುವಂಥ ಮೂಗೇ ಎಂದು ಅವನು ನಗಲು ನೋಡಿದ. ಅವನ ಬಲಕಿವಿಯ ಪಕ್ಕದಿಂದ ಬೆರಳು ತಂದಳು. ಕೂಡಲೇ “ಬಂತು” ಎಂದ. ಎಡಕಿವಿಯ ಪಕ್ಕದಿಂದ ತಂದಳು. ಬೆರಳು ಕೆನ್ನೆ ದಾಟಿತು, ಕಣ್ಣು ದಾಟಿತು, ಬಹುಮಟ್ಟಿಗೆ ಅವನ ಮೂಗಿನ ಮುಂದೆಯೇ ಬಂತು.

“ಬಂತು. ಈಗ ತಾನೆ ಎತ್ತಿದೆ ಅಲ್ವಾ?”

“ಇಲ್ಲಣ್ಣ.”

ಅವನು ಇನ್ನೊಮ್ಮೆ ಮಾಡಿಸಿದ. ಮತ್ತೊಮ್ಮೆಯೂ.

“ಗಮನ ಅಂದಿದ್ದು ನೀನೇ.”

“ಹೌದು, ತಪ್ಪಾಯ್ತು. ಆಗ ಓದಿದ್ದು ಎರಡು ವಾರ, ಹೇಳಿದ್ದು ಎಲ್ಲ ಬಲ್ಲವಳ ಹಾಗೆ. ಕಣ್ಣೋ, ಅದರ ಹಿಂದಿನ ನರವೋ, ನಂಗೊತ್ತಿಲ್ಲ. ಇವತ್ತೇ ತೋರಿಸ್ಬೇಕು.”

ಹತ್ತೊಂಬತ್ತು ವರ್ಷ ಒಂದು ಗೀರೂ ಬೀಳದಂತೆ ಓಡಿಸಿದ ಮನುಷ್ಯ ಅವನು. ಈ ಮಾತು ಒಮ್ಮೆ ಹೊರಬಿದ್ದರೆ ಈ ಆಸನ ಮತ್ತೆ ಸಿಗದೇ ಹೋಗಬಹುದು. ಅದು ಇಬ್ಬರಿಗೂ ಗೊತ್ತಿತ್ತು. ಹೊರಗೆ ಬಸ್ಸುಗಳನ್ನು ಹೊರಡಿಸುವ ಕಂಟ್ರೋಲರ್ ಶಿಳ್ಳೆ ಹಾಕಿದ. ಮುಂದಿನ ಸುತ್ತಿಗೆ ಜನ ಹತ್ತತೊಡಗಿದ್ದರು. ಮೊದಲು ಹತ್ತಿದ ಗರ್ಭಿಣಿಯೊಬ್ಬಳು ಎಡಗಡೆಯ ಕಿಟಕಿಯ ಪಕ್ಕ ಕೂತಳು. ಅವಳನ್ನು ನೋಡಲು ಅಣ್ಣ ಇಡೀ ಕತ್ತು ತಿರುಗಿಸಬೇಕಾಯಿತು. ತಿರುಗಿಸಿದ್ದು ಈ ಸಲ ಅವನಿಗೇ ಗೊತ್ತಾಯಿತು.

ಎಂಜಿನ್ ಆರಿಸಿ ಇಳಿದು, ಕೀಲಿಯನ್ನು ಕಂಟ್ರೋಲರ್‌ನ ಮೇಜಿನ ಮೇಲಿಟ್ಟ.

“ಬೇರೆಯವರನ್ನ ಕಳಿಸಿ ಸಾರ್. ನಂಗೆ ಎಡಗಡೆ ಕಾಣ್ತಿಲ್ಲ.”

ಎಷ್ಟು ದಿನದಿಂದ ಎಂದು ಕಂಟ್ರೋಲರ್ ಕೇಳಿದ. ತಂಗಿ ಬಾಯಿ ತೆರೆಯುವಷ್ಟರಲ್ಲಿ ಅಣ್ಣನೇ ಹೇಳಿದ.

“ತಿಂಗಳ ಮೇಲಾಯ್ತು. ತೋರಿಸೋಕೆ ನಾನೇ ತಡ ಮಾಡ್ದೆ.”

ಕಣ್ಣಾಸ್ಪತ್ರೆಗೆ ಇನ್ನೊಬ್ಬ ಚಾಲಕನ ಬಸ್ಸಿನಲ್ಲಿ ಹೊರಟರು. ಅವಳು ಅವನ ಎಡಕ್ಕೆ ಕೂತಿದ್ದಳು. ಅವಳು ಅಲ್ಲೇ ಇದ್ದಾಳೆಯೇ ಎಂದು ಅವನು ಎರಡು ಸಲ ಕೈಯಾಡಿಸಿ ನೋಡಿದ. ಅವಳ ಮಡಿಲಲ್ಲಿ ಅಭ್ಯಾಸ ಪುಸ್ತಕವಿತ್ತು, ತೆರೆಯಲಿಲ್ಲ. ಪ್ರತಿ ನಿಲ್ದಾಣ ಹತ್ತಿರವಾದಾಗಲೂ ಅಣ್ಣನ ಬಲಗಾಲು ನೆಲವನ್ನು ಒತ್ತುತ್ತಿತ್ತು, ಇಲ್ಲದ ಬ್ರೇಕನ್ನು ಹುಡುಕುತ್ತ.