ಪನ್ನೀರಿನ ಹುಳಿ

ನಾನು ಒಂದು ಪಿಎಚ್ ಮೀಟರ್. ನೀರಲ್ಲೋ ರಸದಲ್ಲೋ ಅದ್ದಿದರೆ ಅದರ ಹುಳಿ ಎಷ್ಟೆಂದು ಅಂಕಿಯಲ್ಲಿ ಹೇಳುವುದು ನನ್ನ ಕಸುಬು. ಏಳು ಎಂದರೆ ಹುಳಿಯೂ ಅಲ್ಲ, ಸವಳೂ ಅಲ್ಲ. ಅಂಕಿ ಇಳಿದಷ್ಟೂ ಹುಳಿ ಹೆಚ್ಚು. ಅಂಬಾಲಾದ ಒಂದು ಕಾರ್ಖಾನೆಯಲ್ಲಿ ಯಾರೋ ಬೆಂಕಿಯ ಮುಂದೆ ಕೂತು, ಗಾಜಿನ ಕೊಳವೆಯ ತುದಿಗೆ ಉಸಿರೂದಿ ದ್ರಾಕ್ಷಿಯಷ್ಟು ಗುಳ್ಳೆ ಮಾಡಿದರು. ಆ ಗುಳ್ಳೆಯೇ ನನ್ನ ನಾಲಿಗೆ. ಅದು ಒಣಗಕೂಡದು, ಸದಾ ಉಪ್ಪುನೀರಿನಲ್ಲಿ ನೆನೆದಿರಬೇಕು.

ಒಂಬತ್ತು ವರ್ಷ ಚಿಂತಾಮಣಿಯ ಒಂದು ಕಾಲೇಜಿನ ಪ್ರಯೋಗಶಾಲೆಯಲ್ಲಿದ್ದೆ. ಹುಡುಗಿಯರು ಕದ್ದು ನನ್ನನ್ನು ಮಜ್ಜಿಗೆಗೂ ಅದ್ದಿ ನಗುತ್ತಿದ್ದರು. ಹೊಸ ಮೀಟರು ಬಂದ ಮೇಲೆ, ರಸಾಯನಶಾಸ್ತ್ರದ ಭಾರ್ಗವಿ ಮೇಡಂ ಪ್ರಾಂಶುಪಾಲರನ್ನು ಕೇಳಿ ನನ್ನನ್ನು ಮನೆಗೆ ಒಯ್ದರು. ಅಲ್ಲಿ ಅವಳು ಮೇಡಂ ಅಲ್ಲ, ಮಗಳು.

ಅಪ್ಪ ವೆಂಕಟರೋಣಪ್ಪ ನಲವತ್ತು ವರ್ಷದಿಂದ ಹಿತ್ತಲ ತಗಡಿನ ಶೆಡ್ಡಿನಲ್ಲಿ ಪನ್ನೀರು ಇಳಿಸುತ್ತಿದ್ದವರು. ಗುಲಾಬಿ ಎಸಳನ್ನು ನೀರಲ್ಲಿ ನೆನೆಸಿ, ತಾಮ್ರದ ಹಂಡೆಯಲ್ಲಿ ಕಾಯಿಸಿ, ಆವಿಯನ್ನು ತಣಿಸಿ ಹಿಡಿಯುವ ಕೆಲಸ. ಅವರ ಬೋರ್‌ವೆಲ್ ನೀರು ಸವಳು. ಹಾಗೇ ಕಾಯಿಸಿದರೆ ಪರಿಮಳ ಸಾಯುತ್ತದೆ. ಅದಕ್ಕೇ ಒಲೆ ಹಚ್ಚುವ ಮೊದಲು ನಿಂಬೆರಸ ಹಿಂಡಬೇಕು. ಹೆಚ್ಚಾದರೂ ಕೆಟ್ಟಿತು. ಒಂದು ಹನಿ ನಾಲಿಗೆಗೆ ಇಟ್ಟುಕೊಂಡು ಅವರು "ಸಾಕು" ಎಂದರೆ ಸಾಕು, ಅಷ್ಟೇ. ಆದರೆ ಒಂದು ಚಳಿಗಾಲದ ಜ್ವರ ಅವರ ಮೂಗನ್ನೂ ನಾಲಿಗೆಯನ್ನೂ ಒಟ್ಟಿಗೇ ಕೊಂಡೊಯ್ದಿತು. ವಾಪಸ್ಸು ಬರಬಹುದು ಎಂದರು ಡಾಕ್ಟರು. ಎರಡು ವರ್ಷ ಕಾದರೂ ಬರಲಿಲ್ಲ.

ಮೊದಲ ದಿನ ಅವರು ನನ್ನನ್ನು ತಿರುಗಿಸಿ ಮುರುಗಿಸಿ ನೋಡಿದರು.

"ಇದಕ್ಕೆ ಗುಲಾಬಿ ಗೊತ್ತಾಗ್ತದೇನಮ್ಮಾ?"

"ಗುಲಾಬಿ ಗೊತ್ತಾಗಲ್ಲಪ್ಪಾ. ಹುಳಿ ಗೊತ್ತಾಗ್ತದೆ."

"ನಂಗೆ ಎರಡೂ ಗೊತ್ತಾಗಲ್ಲ," ಎಂದು ನನ್ನನ್ನು ಎಸಳಿನ ನೀರಿಗೆ ಅದ್ದಿದರು.

ಒಂದು ವರ್ಷ ನಾವಿಬ್ಬರೂ ಹೀಗೇ ದುಡಿದೆವು. ನಾನು ಐದು ತೋರಿಸಿದರೆ ಅವರು ನಿಂಬೆ ಕೆಳಗಿಡುತ್ತಿದ್ದರು. ಪ್ರತಿ ಭಾನುವಾರ ಭಾರ್ಗವಿ ಉಪ್ಪುನೀರು ಬದಲಿಸಿ, ಹುಳಿ ಗೊತ್ತಿರುವ ದ್ರಾವಣದಲ್ಲಿ ನನ್ನನ್ನು ಅದ್ದಿ ಸರಿಪಡಿಸುತ್ತಿದ್ದಳು.

ಮೂವತ್ತೊಂಬತ್ತನೇ ವಯಸ್ಸಿಗೆ ಅವಳಿಗೆ ಮದುವೆ ಗೊತ್ತಾಯಿತು. ಸೀರೆ, ಪತ್ರಿಕೆ, ನೆಂಟರು ಅಂತ ನಾಲ್ಕು ಭಾನುವಾರ ಕಳೆದುಹೋದವು. ಮುಚ್ಚಳದೊಳಗಿನ ಉಪ್ಪುನೀರು ಬತ್ತಿತು. ಮದುವೆಗೆ ತಮ್ಮ ಕೈಯದೇ ಪನ್ನೀರು ಆಗಬೇಕೆಂದು ಅಪ್ಪ ಹಟ ಹಿಡಿದರು. ಅವಳು ಶೆಡ್ಡಿಗೆ ಬಂದರೆ, "ಮದುವೆ ಹೆಣ್ಣು ಒಲೆ ಹತ್ರ ಬರಬ್ಯಾಡ, ಹೋಗಮ್ಮ," ಎಂದು ಕಳಿಸಿದರು.

ಅವರು ಹಿಂಡಿದರು. ನಾನು ಆರೂವರೆ ಎಂದೆ. ಮತ್ತೆ ಹಿಂಡಿದರು, ಆರು ಎಂದೆ. ಬುಟ್ಟಿಯ ನಿಂಬೆಯೆಲ್ಲ ಮುಗಿಯಿತು. ಸುಳ್ಳು ಹೇಳುತ್ತಿದ್ದೇನೆಂದು ನನಗೇ ತಿಳಿದಿರಲಿಲ್ಲ.

ಮದುವೆ ಮನೆಯಿಂದ ಬಂದ ಮೇಲೆ ಭಾರ್ಗವಿಯ ಚಿಕ್ಕಮ್ಮ ಶೆಡ್ಡಿನ ಬಾಗಿಲಲ್ಲಿ ನಿಂತು ಪಕ್ಕದ ಮನೆಯವರಿಗೆ ಹೇಳಿದ್ದನ್ನು ಕೇಳಿಸಿಕೊಂಡೆ. ಅಪ್ಪ ಬೆಳ್ಳಿಯ ಪನ್ನೀರುದಾನಿ ಹಿಡಿದು, ನಗುನಗುತ್ತಾ ಬಂದವರಿಗೆಲ್ಲ ಎರಚಿದರಂತೆ. ಜನ ಮುಖ ತಿರುಗಿಸಿ ಒರೆಸಿಕೊಂಡರಂತೆ. ಬೇಯಿಸಿದ ಹುಳಿಯ ಕಮಟು ವಾಸನೆ. ಮಗಳ ತಲೆಗೂ ಎರಚಿ, "ಹೆಂಗೈತಮ್ಮಾ?" ಎಂದು ಕೇಳಿದರಂತೆ. "ಚೆನ್ನಾಗೈತಪ್ಪಾ," ಎಂದಳಂತೆ ಅವಳು. ಅಷ್ಟರಲ್ಲಿ ಬೀಗರ ಕಡೆಯ ಒಂದು ಮಗು ಮೂಗು ಹಿಡಿದುಕೊಂಡು ಅತ್ತಿತಂತೆ. ಅಪ್ಪ ಆ ಮಗುವನ್ನೇ ಬಹಳ ಹೊತ್ತು ನೋಡಿ, ಪನ್ನೀರುದಾನಿಯನ್ನು ಕುರ್ಚಿಯ ಮೇಲಿಟ್ಟು ಹೊರಗೆ ನಡೆದರಂತೆ.

ಮೂರು ತಿಂಗಳ ಮೇಲೆ ಭಾರ್ಗವಿ ತವರಿಗೆ ಬಂದಳು. ಹುಳಿ ಗೊತ್ತಿರುವ ದ್ರಾವಣದಲ್ಲಿ ನನ್ನನ್ನು ಅದ್ದಿದಳು. ಅದರ ಅಂಕಿ ನಾಲ್ಕು, ನಾನು ಆರು ತೋರಿಸಿದೆ. ಅವಳು ನನ್ನನ್ನು ಹಿಡಿದುಕೊಂಡೇ ಜಗಲಿಗೆ ಓಡಿದಳು.

"ಅಪ್ಪಾ, ತಪ್ಪು ನಿಂದಲ್ಲ. ಮೀಟರ್ ಕೆಟ್ಟೋಗಿತ್ತು. ನಾನು ನೋಡ್ಬೇಕಾಗಿತ್ತು."

ಅವರು ತಲೆ ಎತ್ತಲಿಲ್ಲ. "ಅದು ಈಗ ಕೆಟ್ತಮ್ಮ. ನಾನು ಕೆಡದೇ ಇದ್ದಿದ್ರೆ ಅದು ಯಾಕೆ ಬೇಕಾಗ್ತಿತ್ತು?"

ಹಂಡೆಯನ್ನು ಅವರು ಆಗಲೇ ಕಂಚುಗಾರರಿಗೆ ಮಾರಿಬಿಟ್ಟಿದ್ದರು. ಅವಳು ನನ್ನ ಬ್ಯಾಟರಿ ತೆಗೆದು ಶೆಡ್ಡಿನ ಮೇಲಿನ ಹಲಗೆಯಲ್ಲಿಟ್ಟಳು. ಗುಳ್ಳೆ ಈಗ ಪೂರ್ತಿ ಒಣಗಿದೆ. ಒಣಗಿದ ನಾಲಿಗೆ ಮತ್ತೆ ನೆನೆದೀತೆಂದು ನಾನು ಕಾಯುವುದಿಲ್ಲ. ಅಪ್ಪನೂ ಕಾಯುತ್ತಿಲ್ಲ. ಊಟಕ್ಕೆ ಕರೆದರೆ ಬಂದು ಕೂರುತ್ತಾರೆ, ಬಡಿಸಿದ್ದನ್ನು ತಿಂದು ಏಳುತ್ತಾರೆ.