ಸೀಮೆಸುಣ್ಣದ ಅಂಕಿ ಬಿದ್ದ ಲಾರಿ

ಮೂಯಿ ನೇ ಊರಿನ ಕಡಲತೀರದ ನಮ್ಮ ಭಾಗದಲ್ಲಿ ನೀರಿಗಿಳಿಯಲು ಉಳಿದಿರುವುದು ಒಂದೇ ಓಣಿ. ಆಚೆ ಈಚೆ ಎರಡೂ ಕಡೆ ರೆಸಾರ್ಟಿನ ಗೋಡೆ. ಓಣಿಯ ಬಾಯಲ್ಲಿ ಕಾಸಿಗೆ ಬೈಕು ಕಾಯುವ ನನ್ನ ತಗಡಿನ ಚಪ್ಪರ. ಬೆಳಿಗ್ಗೆ ಮೀನಿನವರು ಬೈಕು ನಿಲ್ಲಿಸುತ್ತಾರೆ, ಮಧ್ಯಾಹ್ನ ಗಾಳಿ ಎದ್ದ ಮೇಲೆ, ಹಾಯಿ ಕಟ್ಟಿದ ಹಲಗೆಯ ಮೇಲೆ ನಿಂತು ಅಲೆ ಸವಾರಿ ಮಾಡುವ ಹಾಯಿಹಲಗೆಯವರು. ಸೀಟಿನ ಮೇಲೆ ಸೀಮೆಸುಣ್ಣದಲ್ಲಿ ಅಂಕಿ ಬರೆದು ಅದೇ ಅಂಕಿಯ ಚೀಟಿ ಕೊಡುತ್ತೇನೆ. ಅಂಕಿ ಬಿದ್ದ ಗಾಡಿಯನ್ನು ಚೀಟಿ ತಂದವನ ಹೊರತು ಯಾರೂ ಮುಟ್ಟುವಂತಿಲ್ಲ, ಪೊಲೀಸನಾದರೂ ಸರಿ.

ಆ ಮಧ್ಯಾಹ್ನ ಒಂದು ಲಾರಿ ಬಂದು ಓಣಿಗೆ ಮೂತಿ ಮಾಡಿ ನಿಂತಿತು. ಡ್ರೈವರ್ ಕೆಳಗೆ ಹಾರಿದ.

"ಅಕ್ಕಾ, ಹಸಿವು ತಡ್ಕೊಳ್ಳೋಕಾಗ್ತಿಲ್ಲ. ಉಂಡು ಬರ್ತೀನಿ, ಸ್ವಲ್ಪ ನೋಡ್ಕೋ."

ತಲೆಗಿಂತ ಮೊದಲು ಕೈ ಓಡಿತು. ಬಾಗಿಲ ಮೇಲೆ ನಲವತ್ತೊಂದು ಎಂದು ಗೀಚಿ ಚೀಟಿ ಕೊಟ್ಟೆ. ಅವನು ಶಾವಿಗೆ ಅಂಗಡಿಯತ್ತ ಹೋದ.

ಹಿಂದೆಯೇ ಡಾಂಗ್ ಬಂದ. ಪರದೇಶದವರಿಗೆ ಹಾಯಿಹಲಗೆ ಕಲಿಸುವವನು. ತಲೆಯ ಮೇಲಿದ್ದ ಹಾಯಿ ಇಳಿಸಿ ಲಾರಿಯ ಟಾರ್ಪಾಲಿನ್ ಎತ್ತಿ ನೋಡಿದ.

"ಲುವಾ ಅಕ್ಕ, ಇಟ್ಟಿಗೆ! ಓಣಿಗೆ ಗೋಡೆ ಕಟ್ತಾರಂತೆ, ಇವತ್ತೇ. ರೆಸಾರ್ಟಿನ ಕಾವಲಿನವನೇ ಬಾಯಿಬಿಟ್ಟ."

ನನ್ನ ಮೈ ಉರಿದುಹೋಯಿತು. ಓಣಿ ಯಾರಪ್ಪನದು? ಅದು ಮುಚ್ಚಿದರೆ ಮೀನಿನವರು ಎಲ್ಲಿಂದ ಇಳಿಯಬೇಕು, ಇವರು ಹಾಯಿ ಹೊತ್ತು ಎಲ್ಲಿಂದ ಹೋಗಬೇಕು, ನಾನು ಯಾರ ಬೈಕು ಕಾಯಬೇಕು?

"ಇಟ್ಟಿಗೆ ಎಲ್ಲಾ ಕಡಲಿಗೆ ಎಸೀತೀವಿ. ಬನ್ರೋ!" ಎಂದು ಡಾಂಗ್ ಗೆಳೆಯರನ್ನು ಕೂಗಿ ಲಾರಿಗೆ ಕಾಲಿಟ್ಟ.

ನಾನು ಪೊರಕೆ ಎತ್ತಿದೆ. "ಇಳಿಯೋ ಕೆಳಗೆ! ನನ್ನ ಅಂಕಿ ಬಿದ್ದಿದೆ."

"ನಿಂಗೆ ತಲೆ ಕೆಟ್ಟಿದೆಯಾ? ನಮ್ಮ ದಾರಿ ಮುಚ್ಚೋ ಇಟ್ಟಿಗೇನ ನೀನೇ ಕಾಯ್ತೀಯಾ?"

"ನಿನ್ನ ಡಕೋಟಾ ಬೈಕನ್ನೂ ಹಿಂಗೇ ಕಾದಿಲ್ವೇನೋ?"

"ರೆಸಾರ್ಟಿನವರು ಸಂಬಳಕ್ಕೆ ಇಟ್ಕೊಂಡಿದ್ದಾರಾ, ಅದನ್ನಾದ್ರೂ ಹೇಳು."

ಡಾಂಗ್ ಗೊಣಗುತ್ತಾ ಇಳಿದ. ಹಲ್ಲು ಕಡಿದುಕೊಂಡು ಲಾರಿಯ ಸುತ್ತ ತಿರುಗಿದೆ. ಒಂದು ಸುತ್ತಿನಲ್ಲಿ ನಾನು ಮಾಡುತ್ತಿರುವುದೇ ಸರಿ ಅನ್ನಿಸುತ್ತಿತ್ತು. ಮುಂದಿನ ಸುತ್ತಿನಲ್ಲಿ ಆ ಇಟ್ಟಿಗೆಗಳನ್ನು ನಾನೇ ಎಸೆಯಬೇಕು ಅನ್ನಿಸುತ್ತಿತ್ತು. ಹುಡುಗರು ದೂರ ನಿಂತು ನನ್ನನ್ನು ಕಳ್ಳಿಯಂತೆ ನೋಡುತ್ತಿದ್ದರು.

ಡ್ರೈವರ್ ಹಲ್ಲಿಗೆ ಕಡ್ಡಿ ಹಾಕುತ್ತಾ ಬಂದು ಚೀಟಿ ಕೊಟ್ಟ. ಒದ್ದೆ ಬಟ್ಟೆಯಿಂದ ಬಾಗಿಲಿನ ಅಂಕಿ ಒರೆಸಿದೆ. ಲಾರಿ ಇನ್ನು ನನ್ನ ಕಾವಲಿನಲ್ಲಿಲ್ಲ. ಆಮೇಲೆ ನನ್ನ ಪ್ಲಾಸ್ಟಿಕ್ ಕುರ್ಚಿ ಎಳೆದು ತಂದು ಓಣಿಯ ನಟ್ಟನಡುವೆ, ಲಾರಿಯ ಮೂತಿಗೆ ಎದುರಾಗಿ ಹಾಕಿ ಕೂತೆ.

ಅವನು ಲಾರಿ ಹತ್ತಿ ಎಂಜಿನ್ ಶುರುಮಾಡಿ ಹಾರ್ನ್ ಹೊಡೆದ. ನಾನು ಅಲುಗಲಿಲ್ಲ. ಕಿಟಕಿಯಿಂದ ತಲೆ ಹೊರಹಾಕಿದ.

"ಇದೇನಕ್ಕಾ? ಇಷ್ಟೊತ್ತು ಲಾರಿ ಕಾದವಳೂ ನೀನೇ, ಈಗ ಅಡ್ಡ ಕೂತವಳೂ ನೀನೇ?"

"ಹೌದು."

"ಯಾಕೆ?"

"ನಂಗೊತ್ತಿಲ್ಲ. ಲಾರಿ ಮುಂದೆ ಬಿಡಲ್ಲ ಅನ್ನೋದಷ್ಟೇ ಗೊತ್ತು."

ಡಾಂಗ್ ಮೆಲ್ಲಗೆ ತನ್ನ ಬೈಕು ತಳ್ಳಿಕೊಂಡು ಬಂದು ನನ್ನ ಕುರ್ಚಿಯ ಪಕ್ಕ ನಿಲ್ಲಿಸಿದ. ಉಳಿದವರೂ ತಂದು ನಿಲ್ಲಿಸಿದರು.

ಡ್ರೈವರ್ ಬೈಕುಗಳನ್ನು ನೋಡಿದ, ಹುಡುಗರನ್ನು ನೋಡಿದ, ಎಂಜಿನ್ ಆರಿಸಿ ಇಳಿದ.

"ನನಗ್ಯಾಕಪ್ಪ ಈ ರಗಳೆ. ರೆಸಾರ್ಟ್ ಆಫೀಸಿಗೆ ಹೋಗಿ ಕೇಳ್ಕೊಂಡು ಬರ್ತೀನಿ." ಎರಡು ಹೆಜ್ಜೆ ಹೋದವನು ಹುಡುಗರತ್ತ ಒಮ್ಮೆ ಕಣ್ಣು ಹಾಯಿಸಿ ತಿರುಗಿ ಬಂದ. ನನ್ನ ಮುಂದೆ ಕೈಚಾಚಿದ.

"ಏನು?"

"ಚೀಟಿ ಕೊಡಕ್ಕಾ. ಅಲ್ಲೀವರೆಗೆ ಲಾರಿ ಯಾರು ನೋಡ್ಕೋತಾರೆ?"

ನಾನು ಡಾಂಗ್‌ನ ಮುಖ ನೋಡಿದೆ. ಅವನು ನನ್ನ ಮುಖ ನೋಡಿದ. ಕುರ್ಚಿಯಿಂದ ಏಳದೆಯೇ ಜೇಬಿನಲ್ಲಿ ಸೀಮೆಸುಣ್ಣಕ್ಕೆ ತಡಕಾಡಿದೆ.